ದೋಸೆ ಯಾವಾಗ ಮೇಜಿಗೆ ಬರಬೇಕು?

ಲಾಲ್‌ಬಾಗ್‌ನಿಂದ ನಡೆದು ಬರುವಷ್ಟು ದೂರದಲ್ಲಿರುವ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಾನು ಮೇಲ್ವಿಚಾರಕ. ಸಪ್ಲೈಯರ್ ಆಗಿ ಸೇರಿದೆ, ಕೆಲವು ಕಾಲ ಗಲ್ಲಾದಲ್ಲಿ ಕುಳಿತೆ, ಈಗ ಹೊಸ ಹುಡುಗರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದೆ. ತಟ್ಟೆ ಹಿಡಿಯುವುದನ್ನೂ ಬಿಲ್ ಬರೆಯುವುದನ್ನೂ ಅವರು ಬೇಗ ಕಲಿಯುತ್ತಾರೆ. ತಿಂಗಳುಗಟ್ಟಲೆ ಹಿಡಿಯುವುದು ಒಂದೇ ಪಾಠ: ಆರ್ಡರನ್ನು ಅಡುಗೆಮನೆಗೆ ಯಾವಾಗ ಹೇಳಬೇಕು ಎನ್ನುವುದು.

ಗಿರಾಕಿ ಬಾಯಿ ಬಿಟ್ಟ ಕೂಡಲೇ ಒಳಗೆ ಹೋಗಿ ಕೂಗಿಬಿಡುವುದು ಹೊಸಬರ ಅಭ್ಯಾಸ. ಚುರುಕುತನ ಎಂದರೆ ಅದೇ ಎಂದು ಅವರು ತಿಳಿದಿರುತ್ತಾರೆ. ಆದರೆ ಮಸಾಲೆ ದೋಸೆಗೆ ಆಯಸ್ಸು ಬಹಳ ಕಡಿಮೆ. ಕಾವಲಿಯಿಂದ ಎತ್ತಿದ ಕ್ಷಣದಿಂದಲೇ ಪಲ್ಯದ ಹಬೆ ಒಳಗಿನಿಂದ ದೋಸೆಯನ್ನು ಮೆತ್ತಗೆ ಮಾಡತೊಡಗುತ್ತದೆ. ತಳದಿಂದ ಹೊರಟ ಹಬೆ ತಣ್ಣನೆಯ ಸ್ಟೀಲ್ ತಟ್ಟೆಗೆ ತಾಗಿ ನೀರಾಗುತ್ತದೆ. ಐದಾರು ನಿಮಿಷ ಕಳೆದರೆ ಗರಿಗರಿ ಹೋಗಿ, ತೊಗಲಿನಂತೆ ಎಳೆಯಬೇಕಾದ ದೋಸೆ ಉಳಿಯುತ್ತದೆ. ಹಿಂದಿನ ದಿನ ಅಕ್ಕಿ, ಉದ್ದು ನೆನೆಸಿ ರುಬ್ಬಿ, ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಉಬ್ಬಲೆಂದು ಒಲೆಯ ಬಳಿ ಬೆಚ್ಚಗಿಟ್ಟು, ಕಾವಲಿಗೆ ನೀರು ಚಿಮುಕಿಸಿ ಹದ ನೋಡಿ ಭಟ್ಟರು ಹುಯ್ದ ದೋಸೆ ಅದು. ಅವರ ಅಷ್ಟೂ ಶ್ರಮವನ್ನು ಕೊನೆಯ ಐದು ನಿಮಿಷದಲ್ಲಿ ಉಳಿಸುವವನು ಅಥವಾ ಕೆಡಿಸುವವನು ಸಪ್ಲೈಯರ್.

1980ರ ದಶಕದಲ್ಲಿ ಜಯನಗರದ ಕಡೆಯಿಂದ ಊರೆಲ್ಲ ಹಬ್ಬಿದ ದರ್ಶಿನಿಗಳಲ್ಲಿ ಈ ಚಿಂತೆ ಕಡಿಮೆ. ಅಲ್ಲಿ ಗಿರಾಕಿ ಚೀಟಿ ಕೊಟ್ಟು ಕಾವಲಿಯ ಎದುರೇ ನಿಲ್ಲುತ್ತಾನೆ, ದೋಸೆ ಅವನ ಕೈಗೇ ಬರುತ್ತದೆ. ನಮ್ಮಂಥ ಕುಳಿತು ತಿನ್ನುವ ಹೋಟೆಲಿನಲ್ಲಿ ಕಾವಲಿಗೂ ಬಾಯಿಗೂ ನಡುವೆ ಒಬ್ಬ ಮನುಷ್ಯ ಇರುತ್ತಾನೆ. ಅವನು ನೋಡಬೇಕಾದದ್ದು ಮೇಜನ್ನು.

ಭಾನುವಾರದ ಬೆಳಗ್ಗೆ ನಮ್ಮಲ್ಲಿ ಬಂದು ನೋಡಿ. ಮೊದಲು ಬರುವವರು ವಾಕಿಂಗ್ ಮುಗಿಸಿದ ಹಿರಿಯರು. ಅವರ ತಿಂಡಿ ಬದಲಾಗುವುದಿಲ್ಲ, ಕೂರುವ ಜಾಗವೂ ಬದಲಾಗುವುದಿಲ್ಲ. ಅವರು ಬಾಗಿಲಲ್ಲಿ ಚಪ್ಪಲಿಯ ಕೆಸರು ಒರೆಸುತ್ತಿರುವಾಗಲೇ ಒಳಗೆ ಹೇಳಬಹುದು.

ಪಕ್ಷಿವೀಕ್ಷಕರ ಲೆಕ್ಕವೇ ಬೇರೆ. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಅವರು ಸೇರುವ ರೂಢಿ ಹಳೆಯದು. ಒಂಬತ್ತೂವರೆಯ ಹೊತ್ತಿಗೆ ಕೊರಳಲ್ಲಿ ಬೈನಾಕ್ಯುಲರ್ ತೂಗಿಸಿಕೊಂಡು ಬರುತ್ತಾರೆ, ಹಸಿದಿರುತ್ತಾರೆ, ಎಲ್ಲರೂ ಒಟ್ಟಿಗೆ ಮಸಾಲೆ ದೋಸೆ ಹೇಳುತ್ತಾರೆ. ಹೇಳಿದ ಮರುಕ್ಷಣವೇ ಪುಸ್ತಕ ತೆರೆದು ಪಟ್ಟಿ ಮಾಡಲು ಕೂರುತ್ತಾರೆ. ಕುಟ್ರುಹಕ್ಕಿ ಎಷ್ಟು, ನೀರುಕಾಗೆ ಎಷ್ಟು, ಆ ಮರದ ತುದಿಯಲ್ಲಿ ಕಂಡದ್ದು ಯಾವ ಹದ್ದು ಎಂಬ ಚರ್ಚೆ ಮುಗಿಯುವವರೆಗೆ ಯಾರೂ ತಟ್ಟೆ ಮುಟ್ಟುವುದಿಲ್ಲ. ಆ ಉತ್ಸಾಹ ನನಗೆ ಬಹಳ ಇಷ್ಟ, ಅದನ್ನು ಅವಸರಪಡಿಸಲು ಮನಸ್ಸು ಬರುವುದಿಲ್ಲ. ಹುಡುಗನಿಗೆ ಹೇಳುತ್ತೇನೆ: "ನೋಡಪ್ಪ, ಮೊದಲು ಖಾರಾಬಾತ್ ಬೇಕೇ ಎಂದು ಕೇಳು. ಇಲ್ಲವೇ ಸಾಂಬಾರಿನಲ್ಲಿ ಮುಳುಗಿದ ಇಡ್ಲಿ. ಅವು ಕಾಯುತ್ತವೆ. ಪುಸ್ತಕ ಮುಚ್ಚಿದ್ದು ಕಂಡ ಮೇಲೆ ದೋಸೆ ಹೇಳು." ಭಟ್ಟರ ಕಾವಲಿ ದೊಡ್ಡದು, ಒಂದೇ ಸಲಕ್ಕೆ ಆ ಮೇಜಿನ ಎಲ್ಲ ದೋಸೆಗಳೂ ಏಳುತ್ತವೆ. ಬಿಡಿಬಿಡಿಯಾಗಿ ತಂದರೆ ಮೊದಲು ಬಂದವನು ಉಳಿದವರಿಗಾಗಿ ಕಾಯುತ್ತಾನೆ. ನಮ್ಮ ಜನ ಎದುರಿಗಿರುವವರ ತಟ್ಟೆ ಖಾಲಿ ಇರುವಾಗ ತಾವು ತಿನ್ನುವುದಿಲ್ಲ. ಈ ಒಳ್ಳೆಯತನಕ್ಕೆ ದೋಸೆ ಬಲಿಯಾಗಬಾರದು.

ನಂದಿಬೆಟ್ಟಕ್ಕೆ ಸೈಕಲ್ ತುಳಿದು ಬಂದವರಿಗೆ ಮೊದಲು ಬೇಕಾದದ್ದು ನೀರಿನ ಜಗ್ಗು. ಹೋಗುವುದಕ್ಕೇ ಸುಮಾರು ಅರವತ್ತು ಕಿಲೋಮೀಟರ್, ತಿರುಗಿ ಬರುವಷ್ಟರಲ್ಲಿ ಅಂಗಿಯ ಮೇಲೆ ಬೆವರಿನ ಉಪ್ಪು ಬಿಳಿಗೆರೆಯಾಗಿ ಕಾಣುತ್ತಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಇದೆ ಎಂದು ನಾವೇ ನೆನಪಿಸಬೇಕು. ಹೆಲ್ಮೆಟ್ ಇಡಲು ಒಂದು ಕುರ್ಚಿ ಹೆಚ್ಚು ಕೊಟ್ಟರೆ ಮೇಜಿನ ಮೇಲೆ ತಟ್ಟೆಗೆ ಜಾಗ ಸಿಗುತ್ತದೆ. ಇವರು ಕಾಯುವವರಲ್ಲ, ತಂದ ತಕ್ಷಣ ತಿನ್ನುತ್ತಾರೆ.

ಚಿತ್ರ ಬರೆಯುವ ಗುಂಪುಗಳೂ ಬರುತ್ತವೆ. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಯ ಕಮಾನುಗಳನ್ನು ಬರೆಯಲು ಬಂದವರು ಇಲ್ಲಿ ಕುಳಿತು ಬಣ್ಣ ತುಂಬುತ್ತಾರೆ. ಆ ಮೇಜಿನಲ್ಲಿ ನೀರಿನ ಲೋಟವನ್ನು ಕಾಗದದಿಂದ ದೂರ, ಗೋಡೆಯ ಬದಿಗೆ ಇಡಬೇಕು. ಕಾಫಿಯನ್ನು ಅವರಾಗಿಯೇ ಕೇಳುವವರೆಗೆ ತರಲೇಬಾರದು. ಹಾಲು ಬೆರೆತ ಕಾಫಿ ಆರಿದರೆ ಕೆನೆ ಕಟ್ಟುತ್ತದೆ, ಮತ್ತೆ ಬಿಸಿ ಮಾಡಿದರೆ ಡಿಕಾಕ್ಷನ್ನಿನ ಪರಿಮಳ ಹೋಗುತ್ತದೆ.

ಫೋಟೊ ತೆಗೆಯುವವರ ಬಗ್ಗೆ ಬಹಳಷ್ಟು ಸಪ್ಲೈಯರುಗಳಿಗೆ ಅಸಮಾಧಾನ ಇದೆ. ನನಗಿಲ್ಲ. ದೂರದ ಊರಿನಿಂದ ಬಂದು, ಮನೆಯವರಿಗೆ ತೋರಿಸಬೇಕೆಂದು ಮೊಬೈಲ್ ಎತ್ತುವವರು ನಮ್ಮ ಅಡುಗೆಯನ್ನು ಗೌರವಿಸುತ್ತಿದ್ದಾರೆ. ನಾವು ಮಾಡಬಹುದಾದದ್ದು ಇಷ್ಟೇ: ತಟ್ಟೆಯನ್ನು ಕಿಟಕಿಯ ಬೆಳಕಿನ ಕಡೆ ಇಟ್ಟು, ಚಟ್ನಿಯ ಬಟ್ಟಲನ್ನು ಪಕ್ಕಕ್ಕೆ ಜೋಡಿಸಿ, ಬೆಣ್ಣೆ ಕರಗುವ ಮೊದಲೇ ಕೈಬಿಡುವುದು. ಒಂದೇ ಸಲಕ್ಕೆ ಒಳ್ಳೆಯ ಚಿತ್ರ ಸಿಕ್ಕಿದರೆ ಅವರು ಬೇಗ ತಿನ್ನಲು ಕೂರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮೂರು ತಲೆಮಾರು ಒಟ್ಟಿಗೆ ಬಂದ ಮೇಜಿನಲ್ಲಿ. ಆರ್ಡರ್ ಹೇಳುವವರು ಸಾಮಾನ್ಯವಾಗಿ ಮಗ ಅಥವಾ ಸೊಸೆ. ಅಜ್ಜಿ "ನನಗೇನೂ ಬೇಡ" ಎನ್ನುತ್ತಾರೆ. ಆ ಮಾತನ್ನು ಹಾಗೆಯೇ ನಂಬಿ ಮುಂದೆ ಹೋಗುವ ಸಪ್ಲೈಯರ್ ಇನ್ನೂ ಕಲಿಯಬೇಕಾದವನು. ಅವರ ಕಡೆಗೆ ಬಾಗಿ, "ಅಮ್ಮ, ಖಾಲಿ ದೋಸೆ ಮೆತ್ತಗಿದೆ, ಒಂದು ತರಲೇ? ಸಾಗು ಖಾರ ಇಲ್ಲ" ಎಂದು ನೇರವಾಗಿ ಅವರನ್ನೇ ಕೇಳಬೇಕು. ಹಲ್ಲಿಗೆ ಕಷ್ಟ, ಖಾರ ಆಗದು, ಮಗನಿಗೆ ಖರ್ಚು ಎಂಬ ಮೂರು ಸಂಕೋಚಗಳಲ್ಲಿ ಎರಡನ್ನು ಈ ಪ್ರಶ್ನೆಯೇ ತೆಗೆದುಬಿಡುತ್ತದೆ. ಮಕ್ಕಳ ತಟ್ಟೆ ಮೊದಲು ಬರಬೇಕು, ದೊಡ್ಡವರದ್ದು ಸ್ವಲ್ಪ ತಡೆದು. ಮಗುವಿಗೆ ತಿನ್ನಿಸಿ ಮುಗಿಸಿದ ತಾಯಿಗೆ ಬಿಸಿ ದೋಸೆ ಸಿಗುವುದು ಹೀಗೆ ಮಾಡಿದರೆ ಮಾತ್ರ. ಮನೆಯಲ್ಲಿ ಎಲ್ಲರ ನಂತರ ಆರಿದ್ದನ್ನು ತಿನ್ನುವವರು ಅವರೇ. ಹೊರಗೆ ಬಂದ ದಿನವೂ ಹಾಗೆಯೇ ಆದರೆ ನನಗೆ ಸಂಕಟವಾಗುತ್ತದೆ. ಈ ಒಂದು ವಿಷಯದಲ್ಲಿ ಹುಡುಗರ ಮೇಲೆ ನಾನು ತುಂಬಾ ಕಟ್ಟುನಿಟ್ಟು.

ಅಡುಗೆಮನೆಯವರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಆರ್ಡರ್ ತಡವಾದರೆ ಕಾವಲಿ ಸುಮ್ಮನೆ ಕಾಯುತ್ತದೆ, ಆಮೇಲೆ ಎಲ್ಲ ಒಮ್ಮೆಗೇ ಬೀಳುತ್ತದೆ ಎನ್ನುವುದು ಭಟ್ಟರ ದೂರು, ಅದರಲ್ಲಿ ನ್ಯಾಯ ಇದೆ. ಅದಕ್ಕಾಗಿ ಮುನ್ಸೂಚನೆ ಕೊಡುವ ಪದ್ಧತಿ ಇಟ್ಟಿದ್ದೇವೆ. "ಭಟ್ಟರೇ, ಮೂಲೆಯ ಮೇಜಿಗೆ ಆರು ಮಸಾಲೆ, ನಾನು ಹೇಳಿದ ಮೇಲೆ" ಎಂದು ಮೊದಲೇ ತಿಳಿಸಿದರೆ ಅವರು ಪಲ್ಯ, ಕೆಂಪು ಚಟ್ನಿ ಹತ್ತಿರ ಇಟ್ಟುಕೊಂಡು, ನಡುವೆ ಬಿಡಿ ಆರ್ಡರುಗಳನ್ನು ಮುಗಿಸುತ್ತಾರೆ.

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಈ ಸೂಕ್ಷ್ಮ ಯಾವುದೂ ನಡೆಯುವುದಿಲ್ಲ. ಸಾಲು ಬೀದಿಗೆ ಬಂದಿರುತ್ತದೆ. ಆಗ ತಿಂಡಿಯ ಪಟ್ಟಿಯನ್ನು ಅರ್ಧಕ್ಕೆ ಇಳಿಸುತ್ತೇವೆ, ದೋಸೆಗೆ ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಕೂರಿಸುವ ಮೊದಲೇ ಬಾಗಿಲಲ್ಲಿ ನಿಂತು ಹೇಳುತ್ತೇನೆ. ಮಗು ಹಸಿದು ಅಳುತ್ತಿದ್ದರೆ ಪಕ್ಕದ ರಸ್ತೆಯ ದರ್ಶಿನಿಗೆ ದಾರಿ ತೋರಿಸುತ್ತೇನೆ.