ಎರೆ ಮಣ್ಣಿನ ಮನೆಗೆ ಯಾವ ಗಿಡ?

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿತು ಅಂದರೆ ಕಲಬುರಗಿಯಲ್ಲಿ ಎಲ್ಲರಿಗೂ ಗಿಡ ನೆನಪಾಗುತ್ತದೆ. ನರ್ಸರಿಗೆ ಹೋಗಿ ಹೂವು ನೋಡಿ ಆರಿಸಿ ತರುತ್ತಾರೆ. ನಾನಂತೂ ಕೇಳಿದವರಿಗೆಲ್ಲ ಹೇಳುತ್ತೇನೆ, ಮೊದಲು ನಿಮ್ಮ ಅಂಗಳದ ಮಣ್ಣು, ಬಿಸಿಲು ನೋಡಿಕೊಂಡು ಆಮೇಲೆ ನರ್ಸರಿಗೆ ಹೋಗಿ.

ಪಕ್ಕದ ಮನೆ ಕಾಕು ಒಮ್ಮೆ ಕೇಳಿದರು, "ಬೀದರ್‌ದಾಗ ನಿಮ್ಮ ಅಕ್ಕನ ಮನ್ಯಾಗ ಇಕ್ಸೋರಾ ಗೊಂಚಲು ಗೊಂಚಲು ಹೂ ಬಿಡ್ತದ. ನಮ್ಮಲ್ಲಿ ಯಾಕ ಹತ್ತಂಗಿಲ್ಲವ್ವಾ?"

ಇಕ್ಸೋರಾ ಅಂದರೆ ಕೇಪಳದ ಗಿಡ, ಇಲ್ಲಿ ಹತ್ತುವುದು ಕಷ್ಟವೇ. ಅಕ್ಕನ ಮನೆಯದು ಕೆಂಪು ಜಂಬಿಟ್ಟಿಗೆ ಮಣ್ಣು. ನೀರು ಬಸಿದು ಹೋಗುತ್ತದೆ, ಹುಳಿ ಗುಣವೂ ಇರುತ್ತದೆ. ಊರೂ ನಮಗಿಂತ ಎತ್ತರ, ಬಿಸಿಲು ಸ್ವಲ್ಪ ಕಡಿಮೆ. ನಮ್ಮದು ಅಪ್ಪಟ ಎರೆ. ತೊಗರಿಗೆ ಇದಕ್ಕಿಂತ ಒಳ್ಳೆ ನೆಲ ಬೇಕಿಲ್ಲ, ಆದರೆ ಹೂಗಿಡಕ್ಕೆ ಬೇರೆ ಲೆಕ್ಕ. ಮಳೆಯಲ್ಲಿ ಉಬ್ಬುತ್ತದೆ, ನೀರು ಬೇಗ ಇಳಿಯುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ಮೇಲಾಗಿ ಸುಣ್ಣ ಜಾಸ್ತಿ. ಒಂದು ಚಮಚ ಒಣ ಮಣ್ಣಿಗೆ ವಿನೆಗರ್ ಹನಿಸಿ ನೋಡಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ ಅಂತಲೇ ಅರ್ಥ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಚಿಗುರೆಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಆಗ ಸುಮ್ನೆ ಯೂರಿಯಾ ಸುರಿದರೆ ಏನೂ ಆಗದು. ಇಕ್ಸೋರಾ ಬೇಕೇ ಬೇಕು ಅಂದರೆ ಕೆಂಪು ಮಣ್ಣು, ಎಲೆಗೊಬ್ಬರ ತುಂಬಿದ ಕುಂಡದಲ್ಲಿ ಬೆಳೆಸಿ, ಮಳೆ ನೀರು ಹಿಡಿದಿಟ್ಟು ಹಾಕಿ. ಬೋರಿನ ನೀರಿನಲ್ಲೂ ಸುಣ್ಣ ಇರುತ್ತದಲ್ವಾ?

ನೆಲಕ್ಕೇ ಹಚ್ಚುವುದಾದರೆ ಬೇವು, ನುಗ್ಗೆ, ನಿಂಬೆ, ದಾಳಿಂಬೆ, ಸೀತಾಫಲ, ದೇವಕಣಗಿಲೆ (ಪ್ಲುಮೇರಿಯಾ). ನಿಂಬೆ, ದಾಳಿಂಬೆಗೆ ಬುಡದಲ್ಲಿ ನೀರು ನಿಲ್ಲಬಾರದು. ಅದಕ್ಕೇ ಅರ್ಧ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಇದೊಂದು ಕೆಲಸ ಮಾಡಿದರೆ ಎರೆ ಮಣ್ಣಿನ ಅರ್ಧ ತೊಂದರೆ ತಪ್ಪುತ್ತದೆ.

ಇನ್ನು ಬಿಸಿಲು. ನಮ್ಮ ಮನೆ ಮುಂದೆ ಶಹಾಬಾದ್ ಫರ್ಸಿ ಕಲ್ಲು ಹಾಸಿದೆ. ಮೇ ತಿಂಗಳಲ್ಲಿ ಸಂಜೆಯಾದರೂ ಅದರ ಕಾವು ಇಳಿಯುವುದಿಲ್ಲ. ಪಡುವಣ ಗೋಡೆಯೂ ಹಾಗೇ. ಅಲ್ಲಿ ಗುಲಾಬಿ ಇಟ್ಟರೆ ಎಲೆ ಅಂಚು ಸುಡುತ್ತದೆ. ಬೋಗನ್‌ವಿಲ್ಲಾ ಇಡಿ, ಅಡೇನಿಯಂ ಇಡಿ. ಅವಕ್ಕೆ ಆ ಬಿಸಿಲೇ ಇಷ್ಟ, ನೀರು ಜಾಸ್ತಿ ಆದರೇ ಹೂ ಕಡಿಮೆ. ಗುಲಾಬಿ, ಅಬ್ಬಲಿಗೆ ಮೂಡಣಕ್ಕೆ ಬರಲಿ, ಬೆಳಗಿನ ಬಿಸಿಲು ಸಾಕು. ಬಡಗಣ ನೆರಳಿಗೆ ದೊಡ್ಡಪತ್ರೆ, ಮನಿ ಪ್ಲಾಂಟ್.

ನನಗೆ ಎಲ್ಲಕ್ಕಿಂತ ಪ್ರೀತಿ ಬಚ್ಚಲ ನೀರು ಹೋಗುವ ಹಿತ್ತಲ ಮೂಲೆ. ಯಾವಾಗಲೂ ಹಸಿ ಇರುವ ಜಾಗ, ಮಲ್ಲಿಗೆ ಹಚ್ಚಿದರೆ ಕೊಳೆಯುತ್ತದೆ. ಆದರೆ ಕಾಬಾಳೆ (ಕ್ಯಾನಾ), ಕೆಸು ಅಲ್ಲಿ ಎಷ್ಟು ಸೊಗಸಾಗಿ ಬೆಳೆಯುತ್ತವೆ! ನೀರು ತುಟ್ಟಿಯಾಗುವ ನಮ್ಮ ಬೇಸಿಗೆಯಲ್ಲಿ ಬೇರೆ ನೀರು ಹಾಕದೆ ಹಸಿರು ಉಳಿಯುವುದು ಆ ಮೂಲೆ ಒಂದೇ.

ಕಣಗಿಲೆ ಬಗ್ಗೆ ಬಹಳ ಜನ ಕೇಳುತ್ತಾರೆ. ಬಿಸಿಲು, ಬರ, ಸುಣ್ಣದ ಮಣ್ಣು ಎಲ್ಲ ತಡೆಯುತ್ತದೆ, ವರ್ಷದ ಬಹುಪಾಲು ಹೂ ಬಿಡುತ್ತದೆ. ಆದರೆ ಇಡೀ ಗಿಡ ವಿಷ. ಸಣ್ಣ ಮಕ್ಕಳೋ ಆಡು, ಎಮ್ಮೆಯೋ ಇರುವ ಮನೆಯಲ್ಲಿ ಬೇಡ. ಅಂಥವರು ಆ ಜಾಗಕ್ಕೆ ಬೋಗನ್‌ವಿಲ್ಲಾನೇ ತನ್ನಿ, ಮುಳ್ಳು ಇದೆ ಅನ್ನುವುದು ನೆನಪಿಟ್ಟು ದಾರಿಯಿಂದ ಸ್ವಲ್ಪ ದೂರ ಹಚ್ಚಿ.