ಬೆಂಗಳೂರಿನಲ್ಲಿ ಬದುಕೋಕೆ ಎಷ್ಟು ದುಡ್ಡು ಬೇಕು?

ಕ್ಯಾಂಪಸ್ ಸೆಲೆಕ್ಷನ್ ಮುಗಿದು ಜಾಯಿನಿಂಗ್ ದಿನ ಹತ್ತಿರ ಬಂತು ಎಂದರೆ ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಕಲಬುರಗಿ ಕಡೆಯಿಂದ ಒಂದೇ ಪ್ರಶ್ನೆ ಬರುತ್ತದೆ: "ಆರು ಲಕ್ಷದ ಪ್ಯಾಕೇಜು ಸಿಕ್ಕಿದೆ, ಬೆಂಗಳೂರಿನಲ್ಲಿ ಸಾಕಾಗತ್ತಾ?" ಕೆಲಸ ಬದಲಿಸಿ ಸಂಸಾರ ಸಮೇತ ಬರುವವರು ಕೇಳುವುದೂ ಇದನ್ನೇ, ಅಂಕಿ ಮಾತ್ರ ಬೇರೆ.

ಮೊದಲು ನೇರ ಉತ್ತರ. ಕೈಗೆ ಬರುವ ಸಂಬಳದ ಲೆಕ್ಕದಲ್ಲಿ ಪಿಜಿಯಲ್ಲಿ ಇರುವವರಿಗೆ 20ರಿಂದ 22 ಸಾವಿರ ಬೇಕು. ಇಬ್ಬರು ಸೇರಿ ಮನೆ ಮಾಡಿದರೆ ತಲೆಗೆ 28ರಿಂದ 30 ಸಾವಿರ, ಒಬ್ಬರೇ ಸಿಂಗಲ್ ಬೆಡ್‌ರೂಮ್ ಮನೆ ಹಿಡಿದರೆ 38ರಿಂದ 40 ಸಾವಿರ. ಶಾಲೆಗೆ ಹೋಗುವ ಮಗುವಿದ್ದರೆ 70 ಸಾವಿರದಿಂದ ಮೇಲೆ. ಇದರಲ್ಲಿ ಉಳಿತಾಯವೂ ಇಲ್ಲ, ಊರಿಗೆ ಕಳಿಸುವ ದುಡ್ಡೂ ಇಲ್ಲ. ಹೊಸದಾಗಿ ಬಂದವರು ಸಿಕ್ಕಿಬೀಳುವ ಜಾಗಗಳು ಎರಡು: ಮೊದಲ ಸಂಬಳ ಬರುವ ಮುಂಚೆಯೇ ಒಟ್ಟಿಗೆ ಎಣಿಸಿಕೊಡಬೇಕಾದ ದುಡ್ಡು, ಮತ್ತು ಆಫೀಸು ಎಲ್ಲಿದೆ ಎಂದು ನೋಡದೆ ಹಿಡಿದ ಮನೆ. ಈ ಎರಡು ಸರಿಯಾದರೆ ತಿಂಗಳ ಲೆಕ್ಕ ಹೇಗೋ ಸರಿಹೋಗುತ್ತದೆ.

ಆರು ಲಕ್ಷ ಎಂದರೆ ತಿಂಗಳಿಗೆ 50 ಸಾವಿರ ಎಂದುಕೊಳ್ಳಬೇಡಿ. ಅದರಲ್ಲಿ ಶೇ. 10 ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡುವ ಪಾಲು) ಇದ್ದರೆ ಅದು ವರ್ಷದ ಕೊನೆಗೆ, ಬಂದರೆ ಬಂತು. ಉಳಿದ 45 ಸಾವಿರದಲ್ಲಿ ಕಂಪನಿಯ ಪಾಲಿನ ಪಿಎಫ್ (15 ಸಾವಿರದ ಶೇ. 12) 1,800 ಹೋಗುತ್ತದೆ, ನಿಮ್ಮ ಪಾಲಿನದು ಇನ್ನೊಂದು 1,800. ಬೇಸಿಕ್ (ಮೂಲ ವೇತನ) 22,500 ಇದ್ದರೆ ಅದರ ಶೇ. 4.81ರಂತೆ, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆಂದು ಸುಮಾರು 1,080. ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಎಲ್ಲ ಕಳೆದರೆ ಕೈಗೆ 40 ಸಾವಿರ. ಪಿಎಫನ್ನು 15 ಸಾವಿರದ ಮಿತಿಗೆ ನಿಲ್ಲಿಸದೆ ಪೂರ್ತಿ ಬೇಸಿಕ್ ಮೇಲೆ ಹಿಡಿಯುವ ಕಂಪನಿಯಾದರೆ 38 ಸಾವಿರದ ಆಸುಪಾಸು. ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಬಾಡಿಗೆ ರಸೀದಿ ಕೊಟ್ಟು ತೆರಿಗೆ ಉಳಿಸುವ ಹಳೆಯ ಉಪಾಯವೂ ಆ ಪದ್ಧತಿಯಲ್ಲಿ ನಡೆಯುವುದಿಲ್ಲ. ಆಫರ್ ಲೆಟರ್ ಬಂದಾಗಲೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಕೈಗೆ ಬರುವ ತಿಂಗಳ ಸಂಬಳ ಎಷ್ಟು, ಮೊದಲ ಸಂಬಳ ಯಾವ ತಾರೀಖಿಗೆ ಎಂದು ಕೇಳಿಬಿಡಿ. ಕೆಲವು ಕಡೆ ತಿಂಗಳ ದ್ವಿತೀಯಾರ್ಧದಲ್ಲಿ ಸೇರಿದವರಿಗೆ ಆ ತಿಂಗಳ ಸಂಬಳ ಮುಂದಿನ ತಿಂಗಳ ಜೊತೆಗೇ ಬರುತ್ತದೆ. ಅಂದರೆ ಆರೇಳು ವಾರ ಕೈಯಿಂದಲೇ ಖರ್ಚು.

ಈಗ ಮನೆ. ತಿಂಗಳಿಗೆ 18 ಸಾವಿರ ಬಾಡಿಗೆಯ ಸಿಂಗಲ್ ಬೆಡ್‌ರೂಮ್ ಮನೆ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಡಿಪಾಸಿಟ್‌ಗೆ ಅಡ್ವಾನ್ಸ್ ಎನ್ನುತ್ತಾರೆ. ಹಿಂದೆ ಹತ್ತು ತಿಂಗಳ ಬಾಡಿಗೆ ಕೇಳುತ್ತಿದ್ದರು, ಈಗ ಐದಾರು ತಿಂಗಳಿಗೆ ಇಳಿದಿದೆ, ಹಳೆಯ ಬಡಾವಣೆಗಳಲ್ಲಿ ಹತ್ತು ಕೇಳುವವರು ಇನ್ನೂ ಇದ್ದಾರೆ. ಐದು ತಿಂಗಳೆಂದರೆ 90 ಸಾವಿರ. ಮೊದಲ ತಿಂಗಳ ಬಾಡಿಗೆ 18, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 18. ಅಗ್ರಿಮೆಂಟಿಗೆ ಸಾವಿರದಿಂದ ಒಂದೂವರೆ ಸಾವಿರ. ಹಾಸಿಗೆ, ಒಲೆ, ಪಾತ್ರೆ, ಬಕೆಟ್, ಕರ್ಟನ್ ಎನ್ನುವಷ್ಟರಲ್ಲಿ 25 ಸಾವಿರ ಹೋಗಿರುತ್ತದೆ, ಫ್ರಿಜ್ ಇಲ್ಲದೆಯೇ. ಸಂಬಳ ಬರುವ ತನಕ ಊಟ, ಓಡಾಟಕ್ಕೆ 12 ಸಾವಿರ. ಒಟ್ಟು 1,64,500. ಇಷ್ಟು ಕೈಯಲ್ಲಿಲ್ಲದೆ ಮನೆ ಹುಡುಕಲು ಇಳಿಯಬೇಡಿ. ಮೊದಲೊಂದು ತಿಂಗಳು ಪಿಜಿಯಲ್ಲಿದ್ದು, ಸಂಜೆ ಹೊತ್ತು ಬಡಾವಣೆ ಸುತ್ತಿ ಟು-ಲೆಟ್ ಬೋರ್ಡ್ ನೋಡಿ ಓನರ್ ಜೊತೆ ನೇರ ಮಾತಾಡಿದರೆ ಬ್ರೋಕರ್‌ನ 18 ಸಾವಿರ ಉಳಿಯುತ್ತದೆ.

ಮನೆ ಬಿಡುವಾಗಿನ ಲೆಕ್ಕವನ್ನು ಹಿಡಿಯುವಾಗಲೇ ಮಾಡಬೇಕು. ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ಇಲ್ಲಿ ರೂಢಿ, ಎರಡು ವರ್ಷ ಇದ್ದರೂ ಅಷ್ಟೇ, ಎಂಟು ತಿಂಗಳು ಇದ್ದರೂ ಅಷ್ಟೇ. ಹನ್ನೊಂದು ತಿಂಗಳಿಗೆ ಮನೆ ಬಿಟ್ಟರೆ ಬ್ರೋಕರ್‌ನ 18, ಪೇಂಟಿಂಗ್‌ನ 18, ಸೇರಿ 36 ಸಾವಿರ. ತಿಂಗಳಿಗೆ ಹಂಚಿದರೆ ಸುಮಾರು 3,270. ಅಂದರೆ ನೀವು 18 ಸಾವಿರದ ಮನೆ ಎಂದುಕೊಂಡಿದ್ದು ನಿಜವಾಗಿ 21 ಸಾವಿರ ದಾಟಿದ ಮನೆ. ಪದೇ ಪದೇ ಮನೆ ಬದಲಿಸುವವರ ಕೈಯಲ್ಲಿ ದುಡ್ಡು ನಿಲ್ಲದಿರುವುದು ಇದಕ್ಕೇ. ಅಗ್ರಿಮೆಂಟಿನಲ್ಲಿ ಪೇಂಟಿಂಗ್‌ಗೆ "ವಾಸ್ತವ ಖರ್ಚು ಮಾತ್ರ" ಎಂದು ಬರೆಸಲು ನೋಡಿ, ಎಲ್ಲರೂ ಒಪ್ಪುವುದಿಲ್ಲ. ಒಪ್ಪದಿದ್ದರೂ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ನೋಟಿಸ್ ಒಂದು ತಿಂಗಳೋ ಎರಡೋ, ವರ್ಷಕ್ಕೆ ಬಾಡಿಗೆ ಶೇ. ಎಷ್ಟು ಏರುತ್ತದೆ, ಈ ಮೂರು ಬರಹದಲ್ಲಿ ಇರಲೇಬೇಕು. ಮನೆಗೆ ಕಾಲಿಡುವ ದಿನವೇ ಗೋಡೆ, ನಲ್ಲಿ, ಕಮೋಡ್, ಕಿಟಕಿ ಗಾಜು, ಕರೆಂಟ್ ಮೀಟರ್‌ನ ರೀಡಿಂಗ್ ಎಲ್ಲದರ ಫೋಟೊ ತೆಗೆದು ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ. ಮನೆಯ ಫೋಟೊ ಮಾತ್ರ ತೋರಿಸಿ, "ನಾನು ಸೈನ್ಯದಲ್ಲಿದ್ದೇನೆ, ಗೇಟ್ ಪಾಸಿಗೆ ಐದು ಸಾವಿರ ಹಾಕಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಅಂಥ ಮನೆಯೇ ಇರುವುದಿಲ್ಲ.

ಸ್ನೇಹಿತರು ಸೇರಿ ಮನೆ ಮಾಡುವಾಗ ಜಗಳ ಬರುವುದು ಬಾಡಿಗೆಗಲ್ಲ, ಅಡ್ವಾನ್ಸ್‌ಗೆ. ಒಬ್ಬ ಮಧ್ಯದಲ್ಲಿ ಹೊರಟರೆ ಅವನ ಪಾಲಿನ ಅಡ್ವಾನ್ಸನ್ನು ಓನರ್ ಕೊಡುವುದಿಲ್ಲ, ಹೊಸದಾಗಿ ಬರುವವನು ಕೊಡಬೇಕು. ಹೊಸಬ ಸಿಗುವ ತನಕ ಅವನ ಬಾಡಿಗೆ ಪಾಲು ಯಾರದು, ಕೊನೆಗೆ ಪೇಂಟಿಂಗ್ ಯಾರ ತಲೆಗೆ ಎಂದು ಮೊದಲೇ ಒಂದು ಮೆಸೇಜಿನಲ್ಲಿ ಬರೆದಿಟ್ಟುಕೊಳ್ಳಿ. ಪಿಜಿಯಲ್ಲಿ ತಕರಾರು ಬೇರೆ: ಬಿಡುತ್ತೇನೆ ಎಂದು ಹತ್ತನೇ ತಾರೀಖು ಹೇಳಿದರೆ ನೋಟಿಸ್ ಲೆಕ್ಕ ಮುಂದಿನ ಒಂದನೇ ತಾರೀಖಿನಿಂದ ಶುರುವಾಗುತ್ತದೆ, ಮೇಂಟೆನೆನ್ಸ್ ಎಂದು ಒಂದೆರಡು ಸಾವಿರ ಬೇರೆ ಹಿಡಿಯುತ್ತಾರೆ.

ಎಲ್ಲಿ ಮನೆ ಹಿಡಿಯಬೇಕು ಎನ್ನುವುದು ಆಫೀಸಿನ ವಿಳಾಸದ ಮೇಲಿದೆ. ವೈಟ್‌ಫೀಲ್ಡ್ ಕಡೆ ಕೆಲಸವಾದರೆ ಅಲ್ಲೇ ಇರಬೇಕೆಂದಿಲ್ಲ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ಕಾಡುಗೋಡಿವರೆಗೆ ಒಂದೇ ಓಟ. ಅತ್ತಿಗುಪ್ಪೆ, ನಾಯಂಡಹಳ್ಳಿ, ಕೆಂಗೇರಿ ಕಡೆ ಕಡಿಮೆ ಬಾಡಿಗೆಗೆ ಮನೆ ಮಾಡಿ, ಐಟಿಪಿಎಲ್ ಟೆಕ್ ಪಾರ್ಕ್ ಬಳಿಯ ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿ ಇಳಿಯಬಹುದು. ಹೊತ್ತು ಹಿಡಿಯುತ್ತದೆ, ಆದರೆ ಇಷ್ಟು ಹೊತ್ತೇ ಎಂಬ ಖಾತ್ರಿ ಇರುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಬಂದ ಮೇಲೆ ಹೊಸ ರೋಡ್, ಸಿಂಗಸಂದ್ರದಂಥ ನಿಲ್ದಾಣಗಳ ಕಡೆ ಇರುವುದು ಸುಲಭವಾಗಿದೆ. ತೊಂದರೆ ಇರುವುದು ಬೆಳ್ಳಂದೂರು, ಮಾರತ್ತಹಳ್ಳಿಯ ಹೊರವರ್ತುಲ ರಸ್ತೆ ಮತ್ತು ನಾಗವಾರದ ಮಾನ್ಯತಾ ಟೆಕ್ ಪಾರ್ಕಿನವರಿಗೆ. ಅಲ್ಲಿ ನೀಲಿ ಮಾರ್ಗದ ಕಾಮಗಾರಿಯ ಪಕ್ಕದಲ್ಲೇ ಟ್ರಾಫಿಕ್. ಆ ಎರಡು ಕಡೆಯವರು ಮೂರ್ನಾಲ್ಕು ಸಾವಿರ ಜಾಸ್ತಿ ಕೊಟ್ಟಾದರೂ ನಾಲ್ಕೈದು ಕಿಲೋಮೀಟರಿನ ಒಳಗೆ ಇರಲಿ ಎನ್ನುವುದು ನಮ್ಮ ಖಚಿತ ಸಲಹೆ.

ಮೆಟ್ರೊ ಅಗ್ಗ ಎಂದು ಲೆಕ್ಕ ಹಾಕಿಬಿಡಬೇಡಿ. 2025ರ ಫೆಬ್ರವರಿಯ ಏರಿಕೆಯ ನಂತರ ಕನಿಷ್ಠ ದರ 10, 25 ಕಿಲೋಮೀಟರ್ ದಾಟಿದರೆ 90. ದಿನಕ್ಕೆ ಎರಡು ಸಲ, 22 ದಿನ ಎಂದರೆ 3,960. ಸ್ಮಾರ್ಟ್ ಕಾರ್ಡಿನ ಶೇ. 5 ರಿಯಾಯಿತಿ ಕಳೆದರೆ 3,762. ನಿಲ್ದಾಣದಿಂದ ಆಫೀಸಿಗೆ ಆಟೋ ಹಿಡಿದರೆ, 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಅದೂ ಮೀಟರ್ ಹಾಕಿದರೆ! ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಬಿಎಂಟಿಸಿಯ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 1,200 ರೂಪಾಯಿ, ಇವತ್ತಿಗೂ ಅದರಷ್ಟು ಲಾಭದ್ದು ಬೇರೆ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಅದೂ ಉಚಿತ, ಎಸಿಯ ವಜ್ರ ಬಸ್ಸಿಗೆ ಮಾತ್ರ ಅನ್ವಯಿಸುವುದಿಲ್ಲ.

ಮನೆ ನೋಡಲು ಹೋದಾಗ ಟೈಲ್ಸ್ ನೋಡುವ ಮುಂಚೆ ಕೇಳಬೇಕಾದ್ದು, "ಕಾವೇರಿ ನೀರು ಬರುತ್ತಾ, ವಾರಕ್ಕೆ ಎಷ್ಟು ದಿನ?" ನಗರದ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಆದರೆ ಬೀದಿಗೆ ಪೈಪು ಬಂದ ಮಾತ್ರಕ್ಕೆ ಕಟ್ಟಡಕ್ಕೆ ನೀರು ಬರುವುದಿಲ್ಲ, ಓನರ್ ದುಡ್ಡು ಕಟ್ಟಿ ಸಂಪರ್ಕ ಪಡೆದಿರಬೇಕು. ಪಡೆಯದ ಕಟ್ಟಡ ನಡೆಯುವುದು ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ. ತಲೆಗೆ ದಿನಕ್ಕೆ 100 ಲೀಟರ್ ಎಂದರೂ ನಾಲ್ಕು ಜನರ ಮನೆಗೆ ತಿಂಗಳಿಗೆ 12 ಸಾವಿರ ಲೀಟರ್, ಅಂದರೆ ಸರಿಯಾಗಿ ಒಂದು ದೊಡ್ಡ ಟ್ಯಾಂಕರ್. 2024ರ ಬೇಸಿಗೆಯ ಬರದಲ್ಲಿ ಜಿಲ್ಲಾಡಳಿತ ಆ ಟ್ಯಾಂಕರಿಗೆ 5 ಕಿಲೋಮೀಟರಿನೊಳಗೆ 1,000, 10 ಕಿಲೋಮೀಟರಿನೊಳಗೆ 1,200 ಎಂದು ದರ ಕಟ್ಟಬೇಕಾಯಿತು, ಅಷ್ಟು ಮೇಲೆ ಹೋಗಿತ್ತು ಬೆಲೆ. ಬಾಡಿಗೆಯಲ್ಲಿ ನೀರು ಸೇರಿದೆಯೋ, ತಲೆಗೆ ಇಷ್ಟೋ, ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ಹಂಚುತ್ತಾರೋ ಎಂದು ಕೇಳಿ. ಬೋರ್ ನೀರು ಗಡಸಾದರೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಬೇಗ ಕೆಡುತ್ತದೆ. ನಲ್ಲಿಯ ಬಾಯಿ, ಸ್ನಾನದ ಬಕೆಟ್‌ನ ಅಂಚು ನೋಡಿದರೆ ಬಿಳಿ ಕಲೆ ಅಲ್ಲೇ ಕಾಣುತ್ತದೆ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಆಧಾರ್ ಮತ್ತು ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಜೋಡಿಸಬೇಕು. ಎಡವುವುದು ಎರಡು ಕಡೆ. ಹಿಂದೆ ಇದ್ದವರ ಆಧಾರ್ ಇನ್ನೂ ಅದೇ ಮೀಟರಿಗೆ ಅಂಟಿಕೊಂಡಿರಬಹುದು, ಅದನ್ನು ಅವರು ಬಿಡಿಸಬೇಕು. ಅಥವಾ ನಿಮ್ಮ ಮನೆಗೆ ಸ್ವಂತ ಆರ್‌ಆರ್ ನಂಬರೇ ಇರುವುದಿಲ್ಲ, ಓನರ್ ಮೀಟರಿನಿಂದ ಸಬ್ ಮೀಟರ್ ಎಳೆದಿರುತ್ತಾರೆ. ಆಗ ಅವರು ಹೇಳಿದ ದರವೇ ದರ. 200 ಯೂನಿಟ್ ಉಚಿತ ಎನ್ನುವುದೂ ಅರ್ಧ ಸತ್ಯ. ಆ ಮೀಟರಿನ ಹಿಂದಿನ ಸರಾಸರಿಯ ಮೇಲೆ ಶೇ. 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದರೆ 10 ಯೂನಿಟ್) ಸೇರಿಸಿ ಮಿತಿ ಕಟ್ಟುತ್ತಾರೆ. ಹಳೆಯ ಲೆಕ್ಕವಿಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿಯಾದ 53 ಯೂನಿಟ್ ಹಿಡಿದು 58. ಎರಡು ಕಿಲೋವಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಹಾಕಿದರೇ ತಿಂಗಳಿಗೆ 30 ಯೂನಿಟ್. ಇಂಡಕ್ಷನ್ ಒಲೆಯಲ್ಲೇ ಅಡುಗೆ ಎಂದರೆ ಮಿತಿ ದಾಟುವುದು ಗ್ಯಾರಂಟಿ. ಒಬ್ಬರೇ ಇರುವವರಿಗೆ ವಿಳಾಸದ ಪುರಾವೆ ಇಲ್ಲದೆ ಸಿಗುವ 5 ಕೆ.ಜಿ.ಯ ಛೋಟು ಸಿಲಿಂಡರ್ ಅನುಕೂಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿ ಅಡುಗೆ ಮಾಡಿದರೆ ತಲೆಗೆ 4ರಿಂದ 5 ಸಾವಿರ, ಮೂರು ಹೊತ್ತೂ ದರ್ಶಿನಿ (ನಿಂತು ತಿನ್ನುವ ಹೋಟೆಲು) ಮತ್ತು ಊಟ ತರಿಸುವ ಆ್ಯಪ್ ಎಂದರೆ ಅದರ ಎರಡರಿಂದ ಮೂರು ಪಟ್ಟು. ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10ಕ್ಕೆ ಊಟ ಇದ್ದೇ ಇದೆ.

ಸಂಸಾರದವರು ಇನ್ನೊಂದು ಕೇಳುತ್ತಾರೆ: ಬಾಡಿಗೆ ಬದಲು ಲೀಸಿಗೆ ಹಾಕಿಕೊಳ್ಳಬಹುದಾ? ಹತ್ತು ಹದಿನೈದು ಲಕ್ಷ ಒಮ್ಮೆಗೇ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವ ಭೋಗ್ಯದ ಪದ್ಧತಿ ಬೆಂಗಳೂರಿನಲ್ಲಿ ಚೆನ್ನಾಗಿಯೇ ಚಾಲ್ತಿಯಲ್ಲಿದೆ, ಲೆಕ್ಕವೂ ಆಕರ್ಷಕ. ಆದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಬಾಡಿಗೆ ಅಗ್ರಿಮೆಂಟುಗಳು ಹನ್ನೊಂದು ತಿಂಗಳಿಗೆ ಇರುವುದೂ ಇದನ್ನು ತಪ್ಪಿಸಿಕೊಳ್ಳಲಿಕ್ಕೇ. ಲೀಸನ್ನೂ ಹನ್ನೊಂದು ತಿಂಗಳ ಛಾಪಾಕಾಗದದಲ್ಲಿ ಮುಗಿಸಿ ಹತ್ತು ಲಕ್ಷ ಕೊಡುವವರಿದ್ದಾರೆ. ಮನೆ ಮೇಲೆ ಬ್ಯಾಂಕ್ ಸಾಲವಿದ್ದು ಹರಾಜಿಗೆ ಬಂದರೆ ಆ ಕಾಗದ ಹಿಡಿದು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ, ಮನೆ ಮೇಲೆ ನೋಂದಣಿಯಾದ ಸಾಲ ತೋರಿಸುವ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ, ಓನರ್ ಜೊತೆಯೇ ವ್ಯವಹಾರ ಮಾಡಿ. ಮಧ್ಯದವರು ನಿಮ್ಮಿಂದ ಲೀಸಿನ ಇಡುಗಂಟು ತೆಗೆದುಕೊಂಡು ಓನರ್‌ಗೆ ತಿಂಗಳ ಬಾಡಿಗೆ ಕಟ್ಟುವ ಏರ್ಪಾಡಿದ್ದರೆ ಅತ್ತ ತಲೆ ಹಾಕಬೇಡಿ. ಅವರು ಬಾಡಿಗೆ ಕಟ್ಟುವುದು ನಿಲ್ಲಿಸಿದ ದಿನ ಓನರ್ ನಿಮ್ಮನ್ನು ಖಾಲಿ ಮಾಡಿ ಎನ್ನುತ್ತಾರೆ.

ಬಜೆಟ್ಟಿನಲ್ಲಿ ಯಾರೂ ಬರೆದುಕೊಳ್ಳದ ಖರ್ಚು ಊರಿಗೆ ಹೋಗಿಬರುವುದು. ಗಣೇಶ ಹಬ್ಬ, ದಸರಾ, ದೀಪಾವಳಿಯ ಮುಂಚಿನ ಶುಕ್ರವಾರ ಖಾಸಗಿ ಬಸ್ಸಿನವರು ಕೇಳಿದ್ದೇ ದರ, ಎರಡು ಪಟ್ಟು ಕೊಟ್ಟು ಕೊನೆಯ ಸೀಟಿನಲ್ಲಿ ಕೂತು ಹೋಗುವವರೇ ಹೆಚ್ಚು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಹಬ್ಬದ ತಾರೀಖಿನಿಂದ ಹಿಂದಕ್ಕೆ ಎಣಿಸಿ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ವಾಪಸ್ ಬರುವ ಭಾನುವಾರ ರಾತ್ರಿಯ ಟಿಕೆಟ್ ಹೋಗುವ ಟಿಕೆಟಿಗಿಂತ ಬೇಗ ಖಾಲಿಯಾಗುತ್ತದೆ.