ಆರ್‌ಸಿಯಲ್ಲಿ ಎತ್ತರದ ಕಾಲಮ್ಮೇ ಇಲ್ಲ, ಹಾಗಾದರೆ ಕಾರು ಎತ್ತರಿಸಬಹುದೇ?

ಕಾರು ಎತ್ತರಿಸಲು ಸಸ್ಪೆನ್ಶನ್ನಿನಲ್ಲಿ ಕೂರಿಸುವ ಬಿಲ್ಲೆ, ಅಂದರೆ ಸ್ಪೇಸರ್ ಮಾರುವವರ ಬಾಯಲ್ಲಿ ಸದಾ ಸಿದ್ಧವಿರುವ ಮಾತೊಂದಿದೆ. "ಸಾರ್, ಆರ್‌ಸಿ ತೆಗೆದು ನೋಡಿ, ಗ್ರೌಂಡ್ ಕ್ಲಿಯರೆನ್ಸ್ ಅಂತ ಕಾಲಮ್ಮೇ ಇಲ್ಲ. ಇಲ್ಲದ್ದನ್ನ ಬದಲಾಯಿಸಿದ್ರೆ ಯಾರು ಏನ್ ಕೇಳ್ತಾರೆ?" ಇದು ಅರ್ಧ ನಿಜ. ಆರ್‌ಸಿಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್, ಸಿಸಿ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ), ಸೀಟಿನ ಸಂಖ್ಯೆ, ಬಣ್ಣ, ಖಾಲಿ ತೂಕ ಎಲ್ಲ ಇರುತ್ತವೆ, ನೆಲದಿಂದ ಎಷ್ಟು ಎತ್ತರ ಎಂಬುದು ಇರುವುದಿಲ್ಲ. ಆದರೆ ಕೇಳುವವರು ಇಬ್ಬರಿದ್ದಾರೆ: ಒಬ್ಬರು ಆರ್‌ಟಿಒ, ಇನ್ನೊಬ್ಬರು ಕ್ಲೇಮ್ ಬಂದಾಗ ಹಾನಿ ಪರಿಶೀಲಿಸುವ ಇನ್ಶೂರೆನ್ಸ್ ಸರ್ವೇಯರ್. ಇಬ್ಬರ ಪ್ರಶ್ನೆಯೂ ಬೇರೆ ಬೇರೆ. ಸ್ಪೇಸರ್ ಮಾರುವವರ ಉತ್ತರ ಇಬ್ಬರ ಮುಂದೆಯೂ ನಿಲ್ಲುವುದು ಕಷ್ಟ.

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರಗಳು ಕಂಪನಿ ಮೂಲದಲ್ಲಿ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಮಾರ್ಪಾಡು ಎಂದರೆ ಗಾಡಿಯ ರಚನೆ ಬದಲಾಗಿ ಅದರ ಮೂಲ ಸ್ವರೂಪವೇ ಬದಲಾಗುವುದು ಎಂಬ ವಿವರಣೆಯೂ ಆ ಸೆಕ್ಷನ್ನಿನಲ್ಲೇ ಇದೆ. 30 ಮಿ.ಮೀ. ಸ್ಪೇಸರ್ ಈ ವಿವರಣೆಯೊಳಗೆ ಬರುತ್ತದೆಯೇ? ವಕೀಲರು ವಾದಿಸಲು ಜಾಗವಿದೆ. ಆದರೆ 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 182ಎ ಸೆಕ್ಷನ್ನಿನ 4ನೇ ಉಪಸೆಕ್ಷನ್ ಆ ಜಾಗವನ್ನು ಕಿರಿದು ಮಾಡಿತು. ನಿಯಮ ಒಪ್ಪದ ರೀತಿಯಲ್ಲಿ ಬಿಡಿಭಾಗ ಕೂರಿಸಿ ಗಾಡಿ ಮಾರ್ಪಡಿಸಿದರೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ನಾಲ್ಕು ಚಕ್ರದ ನಾಲ್ಕು ಸ್ಪೇಸರ್ ಒಂದು ಮಾರ್ಪಾಡೋ ನಾಲ್ಕೋ ಎಂದು ರಸ್ತೆ ಬದಿಯಲ್ಲಿ ನಿಂತು ಇನ್‌ಸ್ಪೆಕ್ಟರ್ ಹತ್ತಿರ ಚರ್ಚೆ ಮಾಡುವ ಉತ್ಸಾಹ ಯಾರಿಗಿದೆಯೋ ಗೊತ್ತಿಲ್ಲ.

ಗ್ರೌಂಡ್ ಕ್ಲಿಯರೆನ್ಸ್ ಆರ್‌ಸಿಯಲ್ಲಿ ಇಲ್ಲದಿದ್ದರೂ, ಎಆರ್‌ಎಐ, ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ ಮಾದರಿ ಅನುಮೋದನೆ ಪಡೆಯುವಾಗ ಕಂಪನಿ ಕೊಡುವ ತಾಂತ್ರಿಕ ವಿವರದಲ್ಲಿ ಇರುತ್ತದೆ. ಬ್ರೇಕು, ಹೆಡ್‌ಲೈಟು ಎಲ್ಲ ಪಾಸಾಗುವುದು ಆ ಎತ್ತರದಲ್ಲಿ ನಿಂತ ಗಾಡಿಯಲ್ಲೇ. "ಇದು ಜರ್ಮನಿಯ ಟಿಯುವಿ ಅಪ್ರೂವ್ಡ್ ಸ್ಪ್ರಿಂಗ್" ಎಂದರೆ ಮರುಳಾಗಬೇಡಿ. ಟಿಯುವಿ ಅಲ್ಲಿನ ತಪಾಸಣಾ ಸಂಸ್ಥೆ. ಜರ್ಮನಿಯಲ್ಲಿ ಸ್ಪ್ರಿಂಗ್ ಜೊತೆ ಪರೀಕ್ಷಾ ಪತ್ರ ಬರುತ್ತದೆ. ಕೂರಿಸಿದ ಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು ಒಪ್ಪಿಗೆ ಪಡೆಯುವ ದಾರಿಯೂ ಅಲ್ಲಿದೆ. ನಮ್ಮ ಆರ್‌ಟಿಒ ಕೌಂಟರಿನಲ್ಲಿ ಆ ಪತ್ರಕ್ಕೆ ಬೆಲೆ ಇಲ್ಲ.

ಇನ್ನು ಜನ ಕಾರು ಎತ್ತರಿಸಲು ಹೊರಡುವುದೇ ಏಕೆ? ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 99ನೇ ಸಂಹಿತೆ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 2.6 ಮೀಟರ್ ವೀಲ್‌ಬೇಸ್ ಇರುವ ಕಾರಿನ ನಾಲ್ಕೂ ಚಕ್ರ ಅದರ ಮೇಲಿರುವಾಗ, ಹೊಟ್ಟೆಯ ಕೆಳಗೆ ಹಂಪ್ ಉಬ್ಬುವುದು ಬರೀ 5 ಸೆಂ.ಮೀ. ಜನ ತುಂಬಿ 40 ಮಿ.ಮೀ. ಕುಸಿದ ಕಾರೂ ಸಲೀಸಾಗಿ ದಾಟುತ್ತದೆ. ತಳ ಉಜ್ಜುವುದು ರಾತ್ರೋರಾತ್ರಿ ಊರವರು ಸುರಿದ, ಅರ್ಧ ಮೀಟರ್ ಅಗಲದ ಡಾಂಬರು ದಿಬ್ಬಕ್ಕೆ. ಅಂಥದ್ದಕ್ಕೆ 20 ಮಿ.ಮೀ. ಸ್ಪೇಸರ್ ಎಲ್ಲ ಸಲವೂ ಸಾಲುವುದಿಲ್ಲ.

ಆದ್ದರಿಂದ ಸ್ಪೇಸರ್ ಯೋಚನೆಗೆ ಮೊದಲು ಕಾರು ತನ್ನ ಮೂಲ ಎತ್ತರದಲ್ಲೇ ನಿಂತಿದೆಯೇ ನೋಡಿ. ಸಮತಟ್ಟು ನೆಲದಲ್ಲಿ ಖಾಲಿ ಕಾರು ನಿಲ್ಲಿಸಿ, ಗಾಳಿ ಸರಿಮಾಡಿ, ಕಾರನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿಯಿರಿ. ಶೋರೂಮಿನಲ್ಲಿರುವ ಅದೇ ವೇರಿಯಂಟಿನ ಹೊಸ ಕಾರಿಗೂ ಹಾಗೇ ಹಿಡಿಯಿರಿ. ಏಳೆಂಟು ವರ್ಷ ಓಡಿದ, ಸಿಎನ್‌ಜಿ ಸಿಲಿಂಡರ್ ಹೊತ್ತ ಕಾರಿನ ಹಿಂಬದಿ ಒಂದೆರಡು ಸೆಂಟಿಮೀಟರ್ ಇಳಿದಿದ್ದರೆ ಆಶ್ಚರ್ಯವಿಲ್ಲ. ಆಗ ಬೇಕಿರುವುದು ಹೊಸ ಕಂಪನಿ ಸ್ಪ್ರಿಂಗು, ಜೋಡಿಯಾಗಿ. ಇದು ಮಾರ್ಪಾಡಲ್ಲ, ರಿಪೇರಿ. ಯಾರಿಗೂ ಹೇಳಬೇಕಿಲ್ಲ. ಟೈರಿನ ವಿಷಯವೂ ಹೀಗೇ. ನಿಮ್ಮ ಮಾದರಿಯ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಡುವ ಅಳತೆ ಸುರಕ್ಷಿತ. 185/65 ಆರ್15 ತೆಗೆದು 195/65 ಆರ್15 ಹಾಕಿದರೆ ಕಾರು ಏರುವುದು 6.5 ಮಿ.ಮೀ. ಮಾತ್ರ. ಸ್ಪೀಡೋಮೀಟರ್ ಸುಮಾರು ಶೇ. 2ರಷ್ಟು ಕಡಿಮೆ ತೋರಿಸತೊಡಗುತ್ತದೆ.

ಸ್ಪೇಸರ್ ಹಾಕಿದಾಗ ಏನಾಗುತ್ತದೆ ಎಂದು ಹೇಳದೆ ಇನ್ಶೂರೆನ್ಸ್ ಮಾತು ಅರ್ಥವಾಗುವುದಿಲ್ಲ. ಮುಂಭಾಗದ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಸೇರಿದ ಕಂಬ) ಮೇಲೆ 30 ಮಿ.ಮೀ. ಬಿಲ್ಲೆ ಕೂತರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಕೋನ ಹೆಚ್ಚುತ್ತದೆ, ಅದರ ಸಿವಿ ಜಾಯಿಂಟಿನ ರಬ್ಬರ್ ಹೊದಿಕೆ (ಬೂಟ್) ಬೇಗ ಹರಿಯುತ್ತದೆ, ಚಕ್ರ ನಿಲ್ಲುವ ಕೋನಗಳಾದ ಟೋ ಮತ್ತು ಕ್ಯಾಂಬರ್ ಬದಲಾಗಿ ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ. ಚಕ್ರ ಪೂರ್ತಿ ಜೋತಾಗ ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ ಎಂದು ಲಿಫ್ಟ್ ಮೇಲೆ ನೋಡಲೇಬೇಕು. ಮುಂಭಾಗವನ್ನಷ್ಟೇ ಎತ್ತಿದರೆ ಹೆಡ್‌ಲೈಟ್ ಕತೆ ಬೇರೆ: 2.5 ಮೀಟರ್ ವೀಲ್‌ಬೇಸಿನಲ್ಲಿ 30 ಮಿ.ಮೀ. ಎಂದರೆ ಹತ್ತು ಮೀಟರ್ ದೂರಕ್ಕೆ ಬೆಳಕು 12 ಸೆಂ.ಮೀ. ಮೇಲೇಳುತ್ತದೆ. ಡಿಪ್ ಬೀಮ್ ಸಾಮಾನ್ಯವಾಗಿ ಬಾಗಿರುವುದೇ ಹತ್ತು ಮೀಟರಿಗೆ ಸುಮಾರು 10 ಸೆಂ.ಮೀ. ಅಂದರೆ ಡಿಪ್ ಹಾಕಿದರೂ ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಹಿಂಬದಿ ಬ್ರೇಕಿಗೆ ಲೋಡ್ ನೋಡಿ ಒತ್ತಡ ಹಂಚುವ ವಾಲ್ವ್ ಇರುವ ಹಳೆಯ ಗಾಡಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಹಿಂದೆ ಎತ್ತರವಾದರೆ ಗಾಡಿ ಖಾಲಿಯಿದೆ ಎಂದೇ ವಾಲ್ವ್ ತಿಳಿಯುತ್ತದೆ, ತುಂಬಿದ ಗಾಡಿಗೂ ಹಿಂದಿನ ಬ್ರೇಕ್ ಕಡಿಮೆ ಕೊಡುತ್ತದೆ.

ತಗ್ಗಿಸುವವರಿಗೂ ಕಾನೂನು ಅದೇ. ಸ್ಪ್ರಿಂಗ್ ಕತ್ತರಿಸುವುದಂತೂ ಬೇಡವೇ ಬೇಡ. ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಗುಂಡಿಯಲ್ಲಿ ಚಕ್ರ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು.

ಈಗ ಪಾಲಿಸಿ. ಸರ್ವೇಯರ್ ಕೇಳುವುದು ಎರಡೇ ಪ್ರಶ್ನೆ: ನಮಗೆ ಹೇಳಿದ್ದಿರಾ? ಈ ಹಾನಿಗೂ ಆ ಬದಲಾವಣೆಗೂ ಸಂಬಂಧ ಇದೆಯಾ? ಕಾರು ಕಳವಾಯಿತು, ಮಳೆಗೆ ಮರ ಬಿತ್ತು ಎಂದಾದರೆ ಎರಡನೇ ಪ್ರಶ್ನೆಗೆ ಉತ್ತರ ‘ಸಂಬಂಧ ಇಲ್ಲ’ ಎಂದೇ. ಷರತ್ತು ಮುರಿದದ್ದಕ್ಕೂ ನಷ್ಟಕ್ಕೂ ಸಂಬಂಧ ಇಲ್ಲದಿದ್ದರೆ ಕಳವಿನ ಕ್ಲೇಮ್ ಪೂರ್ತಿ ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ನಿತಿನ್ ಖಂಡೇಲ್ವಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ತಿರುವಿನಲ್ಲಿ ಕಾರು ಮಗುಚಿದರೆ, ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ಮುರಿದು ಡಿವೈಡರ್‌ಗೆ ಹೊಡೆದರೆ, ಆಗ ಸ್ಪೇಸರೇ ಮೊದಲ ಆರೋಪಿ. ಸ್ಟ್ರಟ್ ಮೇಲಿನ ಬಿಲ್ಲೆ ಟಾರ್ಚ್ ಹಿಡಿದು ನೋಡಿದರೆ ಸಿಕ್ಕಿಬೀಳುತ್ತದೆ, ಗುರುತು ಅಳಿಸಿದ ನಟ್ಟುಗಳೂ ಸುಳಿವು ಕೊಡುತ್ತವೆ. ಎರಡು ಗಾಡಿಗಳ ಪೆಟ್ಟಿನ ಎತ್ತರ ತಾಳೆಯಾಗದಿದ್ದರೆ ಅದನ್ನೂ ವರದಿಯಲ್ಲಿ ಬರೆಯುತ್ತಾರೆ. ಷರತ್ತು ಮುರಿದ ಕ್ಲೇಮನ್ನು ನಾನ್-ಸ್ಟ್ಯಾಂಡರ್ಡ್ ಆಧಾರದಲ್ಲಿ, ಅಂದರೆ ಪೂರ್ತಿ ಕೊಡದೆ ಭಾಗಶಃ, ಶೇ. 75ರವರೆಗೆ ಕೊಡುವ ಪದ್ಧತಿಯನ್ನು 2010ರ ಅಮಲೇಂದು ಸಾಹೂ ತೀರ್ಪು ಎತ್ತಿಹಿಡಿದಿದೆ. ಕ್ಲೇಮ್ ಸೊನ್ನೆ ಮಾಡಿದರೆ ಆ ತೀರ್ಪನ್ನು ಉಲ್ಲೇಖಿಸಿ ಇನ್ಶೂರೆನ್ಸ್ ಕಂಪನಿಗೆ ಬರೆಯಿರಿ.

ನಿಜವಾದ ದೊಡ್ಡ ಮೊತ್ತ ಥರ್ಡ್ ಪಾರ್ಟಿಯದ್ದು. ಮೋಟಾರು ವಾಹನ ಕಾಯ್ದೆಯ 150ನೇ ಸೆಕ್ಷನ್ನಿನಲ್ಲಿ ಇನ್ಶೂರೆನ್ಸ್ ಕಂಪನಿ ಎತ್ತಬಹುದಾದ ತಕರಾರುಗಳ ಪಟ್ಟಿ ಚಿಕ್ಕದು, ಅದರಲ್ಲಿ ಎತ್ತರ ಬದಲಾವಣೆ ಇಲ್ಲ. ಆದರೆ ಮುಖ್ಯ ಸಂಗತಿ ಮುಚ್ಚಿಟ್ಟು ಪಾಲಿಸಿ ತೆಗೆದುಕೊಂಡರು ಎಂಬ ತಕರಾರು ಅದರಲ್ಲಿ ಇದೆ. ನವೀಕರಣದ ವೇಳೆ ಆನ್‌ಲೈನಿನಲ್ಲಿ "ಮಾರ್ಪಾಡು ಇಲ್ಲ" ಎಂಬ ಟಿಕ್ ಒತ್ತಿ ಮುಂದೆ ಹೋಗುವುದು ಅದಕ್ಕೆ ದಾರಿ ಮಾಡಿಕೊಟ್ಟಂತೆ. ಆಗಲೂ ಕಂಪನಿ ಗಾಯಾಳುವಿಗೆ ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಲು ನ್ಯಾಯಮಂಡಳಿ ಹೇಳಬಹುದು. ಆ ಮೊತ್ತ ಲಕ್ಷಗಳಲ್ಲಿ ಇರುತ್ತದೆ, 5,000 ರೂಪಾಯಿ ದಂಡಕ್ಕೆ ಹೆದರಿದವರು ಇದಕ್ಕೆ ಹೆದರಬೇಕಿತ್ತು. ಜೀಪು ಎತ್ತರಿಸಿ ಸಕಲೇಶಪುರದ ಕಡೆ ಆಫ್‌ರೋಡ್ ಸ್ಪರ್ಧೆಗೆ ಹೊರಡುವವರಿಗೆ ಇನ್ನೊಂದು ಮಾತು: ಖಾಸಗಿ ಕಾರಿನ ಪಾಲಿಸಿ ಆಯೋಜಿತ ರೇಸು, ರಿಲಯಬಿಲಿಟಿ ಟ್ರಯಲ್‌ಗಳನ್ನು ಹೊರಗಿಟ್ಟಿರುತ್ತದೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪ್ರತ್ಯೇಕ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಲಿಖಿತ ತಿದ್ದುಪಡಿ) ತೆಗೆದುಕೊಳ್ಳದೆ ಸ್ಪರ್ಧೆಗೆ ಇಳಿಯಬೇಡಿ.

ಹಾಕಿಸಿಯೇ ತೀರುತ್ತೇನೆ ಎನ್ನುವವರು ಕೆಲಸಕ್ಕೆ ಮೊದಲೇ ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಮಾಡಿ. ಪಾಲಿಸಿ ನಂಬರ್, ಭಾಗದ ಹೆಸರು, ಮುಂದೆ ಎಷ್ಟು ಮಿ.ಮೀ. ಹಿಂದೆ ಎಷ್ಟು ಮಿ.ಮೀ., ನಾಲ್ಕೂ ಚಕ್ರಕ್ಕೆ ಟೇಪ್ ಹಿಡಿದ ಫೋಟೋ ಕಳಿಸಿ, ಎಂಡಾರ್ಸ್‌ಮೆಂಟ್ ಕೊಡುತ್ತೀರಾ ಎಂದು ಕೇಳಿ. ಏಜೆಂಟ್ ಫೋನಿನಲ್ಲಿ ಹೇಳುವ "ಏನೂ ಆಗಲ್ಲ ಬಿಡಿ" ಲೆಕ್ಕಕ್ಕಿಲ್ಲ. ಆಗುವುದಿಲ್ಲ ಎಂದು ಲಿಖಿತ ಉತ್ತರ ಬಂದರೆ ಆ ಸ್ಪೇಸರಿನ ಬೆಲೆ ಎಷ್ಟೆಂದು ಗೊತ್ತಾಯಿತು. ಎಂಡಾರ್ಸ್‌ಮೆಂಟ್ ಸಿಕ್ಕರೂ ಅದು ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಮಾತ್ರ, ಆರ್‌ಟಿಒ ಒಪ್ಪಿಗೆ ಅಲ್ಲ.

ಈಗಾಗಲೇ ಹಾಕಿಸಿಕೊಂಡಿದ್ದರೆ ತೆಗೆಸುವುದು ಕಷ್ಟದ ಕೆಲಸವಲ್ಲ. ಸ್ಪೇಸರ್ ತೆಗೆದು, ಸ್ಟ್ರಟ್ಟಿನ ಮೇಲ್ತುದಿಯ ಟಾಪ್ ಮೌಂಟ್ ಮತ್ತು ಬೂಟ್ ಪರೀಕ್ಷಿಸಿ, ನಟ್ಟುಗಳನ್ನು ಕಂಪನಿ ಹೇಳಿದ ಟಾರ್ಕಿಗೆ ಬಿಗಿದು, ವೀಲ್ ಅಲೈನ್‌ಮೆಂಟ್ ಪ್ರಿಂಟ್‌ಔಟ್ ಮತ್ತು ಜಿಎಸ್‌ಟಿ ಬಿಲ್ ಇಟ್ಟುಕೊಳ್ಳಿ. ಹೆಡ್‌ಲೈಟ್ ಮಟ್ಟವನ್ನೂ ಮತ್ತೆ ಸರಿಮಾಡಿಸಿ. ಮುಂದಿನ ಗಾಜಿನಲ್ಲಿ ಎಡಾಸ್ (ಚಾಲಕನಿಗೆ ನೆರವಾಗುವ ವ್ಯವಸ್ಥೆ) ಕ್ಯಾಮೆರಾ ಇರುವ ಕಾರಾದರೆ ಅದರ ಕ್ಯಾಲಿಬ್ರೇಶನ್ ಕೂಡ. ಹದಿನೈದು ವರ್ಷದ ಆರ್‌ಸಿ ನವೀಕರಣಕ್ಕೆ ಗಾಡಿ ಒಯ್ಯುವ ಹಿಂದಿನ ವಾರಕ್ಕೆ ಇದನ್ನು ಮುಂದೂಡಬೇಡಿ. ಕ್ಲೇಮ್ ತಿರಸ್ಕಾರವಾಗಿದ್ದರೆ ಮೊದಲು ಇನ್ಶೂರೆನ್ಸ್ ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಇಂಥ ದೂರು ಕೇಳುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಬೆಂಗಳೂರಿನಲ್ಲೇ ಕಚೇರಿ. ಶುಲ್ಕವಿಲ್ಲ, ವಕೀಲರು ಬೇಡ, ಒಂದು ವರ್ಷದೊಳಗೆ ಹೋಗಬೇಕು.